ಮಿಶಿಗನ್ ಕಡೆನಾ, ಒಹಾಯೊ ಸ್ಟೇಟ್ ಕಡೆನಾ? ನವೆಂಬರ್ 28ಕ್ಕೆ ಮುಂಚೆ ಪಕ್ಷ ಆರಿಸಿಕೊಳ್ಳುವವರಿಗೆ

ನಮ್ಮ ಮನೆ ಇರುವುದು ಅಮೆರಿಕದ ಒಹಾಯೊ ರಾಜ್ಯದ ಟೊಲಿಡೊದಲ್ಲಿ, ಮಿಶಿಗನ್ ರಾಜ್ಯದ ಗಡಿಯ ಪಕ್ಕ. ಇಲ್ಲಿಂದ ಉತ್ತರಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಆನ್ ಆರ್ಬರ್. ದಕ್ಷಿಣಕ್ಕೆ ಎರಡೂವರೆ ಗಂಟೆ ಹೋದರೆ ಕೊಲಂಬಸ್. ಮಗಳು ಓದುತ್ತಿರುವುದು ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ. ಕಳೆದ ವರ್ಷ ದಾವಣಗೆರೆಯಿಂದ ಅಕ್ಕನ ಮಗ ಎಂ.ಎಸ್. ಮಾಡಲು ಬಂದ. ಸೇರಿದ್ದು ಕೊಲಂಬಸ್‌ನ ಒಹಾಯೊ ಸ್ಟೇಟ್‌ಗೆ. ಬಂದು ಎರಡು ವಾರ ಆಗಿರಲಿಲ್ಲ, ಫೋನ್ ಮಾಡಿದ. "ಮಾಮ, ಇಲ್ಲಿ ಮಿಶಿಗನ್ ಅಂದ್ರೆ ಎಲ್ಲರೂ ಉರಿದು ಬೀಳ್ತಾರೆ. ಪುಟ್ಟಿ ಅಲ್ಲೇ ಓದ್ತಿದ್ದಾಳೆ ಅಂತ ಹೇಳ್ಲಾ, ಬೇಡ್ವಾ?"

ಹೇಳಬೇಡ ಅಂದೆ. ಈ ಎರಡು ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ತಂಡಗಳು ಹಳೆಯ ವೈರಿಗಳು, ವರ್ಷಕ್ಕೊಂದು ಸಲ ಎದುರಾಗುತ್ತವೆ.

ಈ ಆಗಸ್ಟಿನಲ್ಲೂ ನಮ್ಮ ಕಡೆಯ ಮಕ್ಕಳು ಎರಡೂ ಊರಿಗೆ ಬರುತ್ತಾರೆ. ಡೆಟ್ರಾಯಿಟ್‌ನ ಕಾರ್ ಕಂಪನಿಗಳಿಗೆ ಬರುವವರು ಬೇರೆ. ನವೆಂಬರ್ ಬರುವ ಹೊತ್ತಿಗೆ ಆಫೀಸಿನಲ್ಲೋ ಲ್ಯಾಬ್‌ನಲ್ಲೋ ಯಾರೋ ಒಬ್ಬರು "ನೀನು ಯಾರ ಕಡೆ?" ಅಂತ ಕೇಳಿಯೇ ಕೇಳುತ್ತಾರೆ. "ನನಗೆ ಕ್ರಿಕೆಟ್ ಮಾತ್ರ ಗೊತ್ತು" ಅಂತ ಜಾರಿಕೊಳ್ಳುವುದು ಒಂದು ವರ್ಷ ನಡೆಯುತ್ತದೆ, ಎರಡನೇ ವರ್ಷ ನಡೆಯುವುದಿಲ್ಲ. ಈ ಸಲದ ಪಂದ್ಯ 2026ರ ನವೆಂಬರ್ 28, ಶನಿವಾರ, ಕೊಲಂಬಸ್‌ನಲ್ಲಿ. ಸೀಸನ್ ಇನ್ನೂ ಶುರುವಾಗುವ ಮುಂಚೆಯೇ ಬರೆಯುತ್ತಿದ್ದೇನೆ. ಪಕ್ಷ ಆರಿಸಿಕೊಳ್ಳಲು ಇದೇ ಸರಿಯಾದ ಸಮಯ. ಗೆಲ್ಲುವವರು ಯಾರು ಅಂತ ಗೊತ್ತಾದ ಮೇಲೆ ಸೇರಿಕೊಂಡರೆ ಎರಡೂ ಕಡೆಯವರು ಆಡಿಕೊಳ್ಳುತ್ತಾರೆ.

ಆಟ ಗೊತ್ತಿಲ್ಲದವರಿಗೆ, ಬೇಗ ಬೇಗ

ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಕಡಿಮೆ. ಮೈದಾನ 100 ಗಜ. ಒಂದೊಂದು ಕಡೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಸಿಗುತ್ತದೆ. ಇಲ್ಲವಾದರೆ ಚೆಂಡು ಎದುರಾಳಿಗೆ. ಮೂರು ಅವಕಾಶದಲ್ಲಿ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದುಬಿಡುತ್ತಾರೆ, ಅದು ಪಂಟ್. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಗಡಿಯಾರದಲ್ಲಿ 60 ನಿಮಿಷದ ಆಟ, ಮುಗಿಯಲು ಮೂರೂವರೆ ಗಂಟೆ ಬೇಕು.

ಕಬಡ್ಡಿಯಲ್ಲಿ ರೈಡರ್ ಗೆರೆಯ ಕಡೆ ಕೈ ಚಾಚಿರುತ್ತಾನೆ, ಮೇಲೆ ನಾಲ್ಕೈದು ಜನ ಬಿದ್ದಿರುತ್ತಾರೆ. ಆ ಒಂದು ಕ್ಷಣವನ್ನೇ ನೂರು ಸಲಕ್ಕಿಂತ ಜಾಸ್ತಿ ಆಡುತ್ತಾರೆ ಅಂದುಕೊಳ್ಳಿ. ಉಳಿದದ್ದು ನೋಡ್ತಾ ನೋಡ್ತಾ ತಿಳಿಯುತ್ತದೆ.

ಇವೆರಡೂ ಬಿಗ್ ಟೆನ್ ಅನ್ನುವ ಕಾನ್ಫರೆನ್ಸ್‌ಗೆ, ಅಂದರೆ ವಿಶ್ವವಿದ್ಯಾಲಯಗಳ ಕೂಟಕ್ಕೆ, ಸೇರಿದ ತಂಡಗಳು. ಹೆಸರಿನಲ್ಲಿ ಹತ್ತು, 2024ರಿಂದ ಇರುವುದು 18 ತಂಡ. ಲೆಕ್ಕ ಕೇಳಬೇಡಿ. ಅದರಲ್ಲಿ ಮೇಲಿನ ಎರಡು ತಂಡಗಳು ಡಿಸೆಂಬರಿನಲ್ಲಿ ಇಂಡಿಯಾನಪೊಲಿಸ್‌ನಲ್ಲಿ ಕಾನ್ಫರೆನ್ಸ್ ಫೈನಲ್ ಆಡುತ್ತವೆ. ಅದಕ್ಕೂ ಮುಂಚಿನ ಕೊನೆಯ ಪಂದ್ಯವೇ ಇದು. 1935ರಿಂದ ಹೆಚ್ಚುಕಡಿಮೆ ಪ್ರತಿ ವರ್ಷವೂ ಕೊನೆಗೆ ಇದನ್ನೇ ಇಟ್ಟುಕೊಂಡಿದ್ದಾರೆ.

ಜಗಳ ನಮ್ಮ ಊರಿನದೇ

ಎರಡೂ ಕಡೆಯವರ ಸಿಟ್ಟಿಗೆ ಮೂಲ ಆಟವಲ್ಲ, ಗಡಿ. ಅದೂ ನಾನು ಮನೆ ಮಾಡಿಕೊಂಡಿರುವ ಟೊಲಿಡೊ! ಮಿಶಿಗನ್ ಸರೋವರದ ದಕ್ಷಿಣ ತುದಿಯಿಂದ ಪೂರ್ವಕ್ಕೆ ಒಂದು ಗೆರೆ ಎಳೆದು ಗಡಿ ಮಾಡಬೇಕು ಅಂತ 1787ರ ಕಾನೂನಿನಲ್ಲಿತ್ತು. ಆ ಕಾಲದ ನಕಾಶೆಯಲ್ಲಿ ಸರೋವರದ ತುದಿಯನ್ನೇ ತಪ್ಪು ಜಾಗದಲ್ಲಿ ಬರೆದಿದ್ದರು. ಹಾಗಾಗಿ ಎರಡು ಗೆರೆ ಆಯಿತು, ನಡುವೆ ಒಂದು ಪಟ್ಟಿ ಉಳಿಯಿತು. ಪಟ್ಟಿಯಲ್ಲಿ ಟೊಲಿಡೊ ಬಂದರು. 1835ರಲ್ಲಿ ಎರಡೂ ಕಡೆಯವರು ಬಂದೂಕು ಹಿಡಿದ ಪಡೆ ಕಳಿಸಿದರು. ಸಾಯುವ ಮಟ್ಟಕ್ಕೆ ಏನೂ ಆಗಲಿಲ್ಲ. ಮಿಶಿಗನ್ ಕಡೆಯ ಒಬ್ಬ ಅಧಿಕಾರಿಗೆ ಯಾರೋ ಸಣ್ಣ ಚಾಕುವಿನಿಂದ ಚುಚ್ಚಿದ, ಅವನೂ ಬದುಕಿದ. ಇಷ್ಟಕ್ಕೇ "ಟೊಲಿಡೊ ಯುದ್ಧ" ಅಂತ ಹೆಸರು.

1836ರ ಡಿಸೆಂಬರಿನ ಚಳಿಯಲ್ಲಿ ಮಿಶಿಗನ್‌ನವರು ಸಭೆ ಸೇರಿ ಟೊಲಿಡೊ ಬಿಟ್ಟುಕೊಟ್ಟರು. ಬದಲಿಗೆ ಸರೋವರದಾಚೆಯ ಕಾಡು ಪ್ರದೇಶ ಸಿಕ್ಕಿತು. ಮರುತಿಂಗಳು, ಅಂದರೆ 1837ರ ಜನವರಿಯಲ್ಲಿ, ರಾಜ್ಯದ ಪಟ್ಟವೂ ಸಿಕ್ಕಿತು. ಆಗ ಮೋಸ ಹೋದೆವು ಅಂತ ಗೋಳಾಡಿದ್ದರು. ಆಮೇಲೆ ಆ ಕಾಡಿನಲ್ಲಿ ತಾಮ್ರ, ಕಬ್ಬಿಣದ ಗಣಿ ಬಂತು. ಒಪ್ಪಂದ ಮಾಡಿಕೊಂಡ ಊರು ಯಾವುದು ಅಂದರೆ ಆನ್ ಆರ್ಬರ್. ಬೆಳಗಾವಿಯ ಗಡಿ ಗಲಾಟೆ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯವರು ಆ ಸಿಟ್ಟನ್ನು ವರ್ಷಕ್ಕೊಂದು ಪಂದ್ಯಕ್ಕೆ ಇಳಿಸಿಕೊಂಡಿದ್ದಾರೆ, ಅಷ್ಟೇ.

ನಮ್ಮ ಬೀದಿಯಲ್ಲಿ ಇವತ್ತಿಗೂ ಒಂದು ಮನೆ ಬಿಟ್ಟು ಒಂದು ಮನೆಗೆ ಬಾವುಟ ಬೇರೆ. ನೀಲಿ-ಹಳದಿ ಮಿಶಿಗನ್, ಕೆಂಪು-ಬೂದು ಒಹಾಯೊ ಸ್ಟೇಟ್.

ಲೆಕ್ಕ ಯಾರ ಕಡೆ?

ನೀವು ಎಲ್ಲಿಂದ ಎಣಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. 1897ರಲ್ಲಿ ಮೊದಲ ಪಂದ್ಯ, ಮಿಶಿಗನ್ 34-0. ಇಲ್ಲಿಯವರೆಗೆ ಮಿಶಿಗನ್ 62 ಗೆದ್ದಿದೆ, ಒಹಾಯೊ ಸ್ಟೇಟ್ 52, ಸಮ ಆಗಿರುವುದು 6. ನೋಡಿದರೆ ಮಿಶಿಗನ್ ಮುಂದೆ ಅಲ್ವಾ? ಆದರೆ 1918ರವರೆಗಿನ 15 ಪಂದ್ಯಗಳಲ್ಲಿ 13 ಮಿಶಿಗನ್‌ದೇ, ಉಳಿದ 2 ಸಮ. 1902ರದ್ದಂತೂ 86-0. ಒಹಾಯೊ ಸ್ಟೇಟ್ ಮೊದಲ ಸಲ ಗೆದ್ದದ್ದು 1919ರಲ್ಲಿ. ಆ ಹಳೆಯ 15 ಪಂದ್ಯ ತೆಗೆದುಬಿಟ್ಟರೆ ಒಹಾಯೊ 52, ಮಿಶಿಗನ್ 49. ಒಹಾಯೊ ಗೆದ್ದ 2010ರ ಪಂದ್ಯವನ್ನು ಆಟಗಾರರು ನಿಯಮ ಮುರಿದದ್ದಕ್ಕೆ ಲೆಕ್ಕದಿಂದಲೇ ಅಳಿಸಿದ್ದಾರೆ. ಅದನ್ನು ಎತ್ತಿದರೆ ಕೆಂಪಂಗಿಯವರು ಮುಖ ತಿರುಗಿಸುತ್ತಾರೆ.

ಇತ್ತೀಚಿನದನ್ನು ನೋಡಿದರೆ ಅಲೆ ಬಂದ ಹಾಗೆ ಬರುತ್ತದೆ. 2012ರಿಂದ 2019ರವರೆಗೆ ಎಂಟಕ್ಕೆ ಎಂಟೂ ಒಹಾಯೊ ಸ್ಟೇಟ್. 2020ರಲ್ಲಿ ಕೋವಿಡ್‌ನಿಂದ ಪಂದ್ಯವೇ ಇಲ್ಲ. 2021ರಿಂದ 2024ರವರೆಗೆ ನಾಲ್ಕಕ್ಕೆ ನಾಲ್ಕೂ ಮಿಶಿಗನ್. 2025ರಲ್ಲಿ ಹಿಮ ಬೀಳುವಾಗ ಆನ್ ಆರ್ಬರ್‌ಗೇ ಹೋಗಿ ಒಹಾಯೊ 27-9ರಿಂದ ಗೆದ್ದು ಬಂತು. ಆವತ್ತು ಸಂಜೆ ಅಳಿಯನಿಂದ, ಅಂದರೆ ಅಕ್ಕನ ಮಗನಿಂದ, ಬಂದ ಮೆಸೇಜುಗಳನ್ನು ಮಗಳು ಮೂರು ದಿನ ತೆರೆದು ನೋಡಲಿಲ್ಲ.

ಹಳೆಯ ಪಂದ್ಯಗಳಲ್ಲಿ ಎರಡನ್ನು ಮಾತ್ರ ತಲೆಯಲ್ಲಿಟ್ಟುಕೊಳ್ಳಿ. ಮಾತಿಗೆ ಬರುತ್ತದೆ. ಒಂದು 1950ರದ್ದು, ಕೊಲಂಬಸ್‌ನಲ್ಲಿ ಹಿಮದ ಬಿರುಗಾಳಿ. ಎರಡೂ ತಂಡ ಸೇರಿ 45 ಸಲ ಪಂಟ್ ಒದ್ದವು. ಮಿಶಿಗನ್ ಇಡೀ ಪಂದ್ಯದಲ್ಲಿ ಒಂದು ಸಲವೂ ಆ 10 ಗಜ ದಾಟಲಿಲ್ಲ. ಆದರೂ 9-3ರಿಂದ ಗೆದ್ದಿತು! ಇನ್ನೊಂದು 1969ರದ್ದು. ಒಹಾಯೊ ಸ್ಟೇಟ್ ಆಗ ದೇಶಕ್ಕೇ ನಂಬರ್ ಒನ್, ಕೋಚ್ ವುಡಿ ಹೇಯ್ಸ್. ಅವರ ಕೈಕೆಳಗೆ ಆಡಿ, ಅವರ ಬಳಿಯೇ ಕೆಲಸ ಮಾಡಿದ್ದ ಬೊ ಶೆಂಬೆಕ್ಲರ್ ಆ ವರ್ಷವಷ್ಟೇ ಮಿಶಿಗನ್‌ಗೆ ಬಂದಿದ್ದರು. ಶಿಷ್ಯ ಗುರುವನ್ನು 24-12ರಿಂದ ಸೋಲಿಸಿದ. ಅಲ್ಲಿಂದ ಹತ್ತು ವರ್ಷ ಇಬ್ಬರೂ ಹೊಡೆದಾಡಿದರು. ಹತ್ತರಲ್ಲಿ 5 ಬೊ, 4 ವುಡಿ, 1 ಸಮ.

2006ರದ್ದನ್ನೂ ಹೇಳದೆ ಇರಲು ಮನಸ್ಸು ಬರುತ್ತಿಲ್ಲ. ನಂಬರ್ ಒನ್ ಒಹಾಯೊ, ನಂಬರ್ ಟು ಮಿಶಿಗನ್. ಪಂದ್ಯದ ಹಿಂದಿನ ದಿನ ಶೆಂಬೆಕ್ಲರ್ ತೀರಿಕೊಂಡರು. ಮರುದಿನ ಒಹಾಯೊ 42-39ರಿಂದ ಗೆದ್ದಿತು. ಆ ರಾತ್ರಿ ಒಹಾಯೊ ಲಾಟರಿಯಲ್ಲಿ ಬಂದ ನಾಲ್ಕಂಕಿ ಯಾವುದು ಗೊತ್ತಾ? 4239. ನಮ್ಮೂರಿನಲ್ಲಾಗಿದ್ದರೆ ಅದಕ್ಕೊಂದು ಗುಡಿ ಕಟ್ಟಿರುತ್ತಿದ್ದರು.

ಈ ಸಲದ ತೂಕ

ಈಗ ನಿಜವಾದ ಹೋಲಿಕೆಗೆ ಬರೋಣ.

ಮೈದಾನ ಒಹಾಯೊದ್ದು. 1922ರಲ್ಲಿ ಕಟ್ಟಿದ, ಕುದುರೆ ಲಾಳದ ಆಕಾರದ ಸ್ಟೇಡಿಯಂ, 1,02,780 ಜನ ಕೂರುತ್ತಾರೆ. ಮಿಶಿಗನ್‌ನದ್ದು ಇನ್ನೂ ದೊಡ್ಡದು, 1,07,601. ಆದರೆ ಅದು ನೆಲದೊಳಗೆ ತೋಡಿದ ಬಟ್ಟಲಿನ ಹಾಗಿದೆ, ಸದ್ದು ಮೇಲಕ್ಕೆ ಹೋಗಿಬಿಡುತ್ತದೆ. ಕೊಲಂಬಸ್‌ನಲ್ಲಿ ಗೋಡೆ ಎದ್ದು ನಿಂತಿರುವುದರಿಂದ ಕಿವಿ ಗುಂಯ್ ಅನ್ನುತ್ತದೆ. ಅಲ್ಲಿ ಹೊರಗಿನ ತಂಡದ ಆಟಗಾರರಿಗೆ ಪಕ್ಕದವನ ಮಾತು ಕೇಳಿಸುವುದಿಲ್ಲ. ಹಾಗಂತ ಮನೆ ಮೈದಾನ ಗೆಲುವಿನ ಗ್ಯಾರಂಟಿ ಅಲ್ಲ. 2022ರಲ್ಲಿ 45-23, 2024ರಲ್ಲಿ 13-10. ಎರಡೂ ಸಲ ಮಿಶಿಗನ್ ಅಲ್ಲೇ ಹೋಗಿ ಹೊಡೆದಿದೆ.

ಕೋಚುಗಳ ವಿಷಯ ಈ ವರ್ಷ ನನಗೆ ತುಂಬಾ ಹಿಡಿಸಿದೆ. ಒಹಾಯೊ ಸ್ಟೇಟ್‌ನ ರಯಾನ್ ಡೇ 2019ರಿಂದ ಮುಖ್ಯ ಕೋಚ್. ಬೇರೆ ಯಾರ ಎದುರೂ ಸೋಲುವುದೇ ಅಪರೂಪ, ಮಿಶಿಗನ್ ಎದುರು ಮಾತ್ರ 2 ಗೆಲುವು, 4 ಸೋಲು. 2024ರಲ್ಲಿ ಮಿಶಿಗನ್‌ಗೆ ಸೋತ ಮೇಲೆ ಊರಿನವರು ಅವರನ್ನು ಓಡಿಸುವ ಮಾತಾಡುತ್ತಿದ್ದರು. ಎರಡು ತಿಂಗಳೊಳಗೆ ಅದೇ ತಂಡ ನೋಟರ್ ಡೇಮ್‌ನ್ನು 34-23ರಿಂದ ಸೋಲಿಸಿ ದೇಶದ ಚಾಂಪಿಯನ್ ಆಯಿತು. ಆಗ ಅದೇ ಜನ ಮೆರವಣಿಗೆ ಮಾಡಿದರು.

ಮಿಶಿಗನ್‌ಗೆ ಕೈಲ್ ವಿಟಿಂಗ್‌ಹ್ಯಾಮ್ ಹೊಸಬರು. ವಯಸ್ಸು ಅರವತ್ತು ದಾಟಿದೆ. ಯೂಟಾ ವಿಶ್ವವಿದ್ಯಾಲಯದಲ್ಲಿ 2005ರಿಂದ 2025ರವರೆಗೆ ಮುಖ್ಯ ಕೋಚ್ ಆಗಿದ್ದವರು. ಅವರ ತಂಡ ಅಂದರೆ ಗಟ್ಟಿ ಡಿಫೆನ್ಸ್, ಅಬ್ಬರ ಇಲ್ಲ. ಒಂದು ತಮಾಷೆ ನೋಡಿ. ಯೂಟಾದಲ್ಲಿ ಅವರಿಗಿಂತ ಮುಂಚೆ ಇದ್ದವರು ಅರ್ಬನ್ ಮೇಯರ್. ಒಹಾಯೊ ಸ್ಟೇಟ್‌ನಲ್ಲಿ ಡೇಗಿಂತ ಮುಂಚೆ ಇದ್ದವರೂ ಅದೇ ಅರ್ಬನ್ ಮೇಯರ್. ಅಂದರೆ ಇಬ್ಬರೂ ಒಬ್ಬರದೇ ಕುರ್ಚಿ ಹಿಡಿದವರು, ಊರು ಮಾತ್ರ ಬೇರೆ. ಇಬ್ಬರೂ 2022ರ ಜನವರಿ 1ರಂದು ರೋಸ್ ಬೌಲ್ ಅನ್ನುವ ಪಂದ್ಯದಲ್ಲಿ ಎದುರಾಗಿದ್ದರು. ಅರ್ಧ ಪಂದ್ಯಕ್ಕೆ ಯೂಟಾ 35-21 ಮುಂದಿತ್ತು. ಕೊನೆಗೆ ಒಹಾಯೊ 48-45. ವಿಟಿಂಗ್‌ಹ್ಯಾಮ್ ಅದನ್ನು ಮರೆತಿರುತ್ತಾರೆ ಅಂತ ನನಗನಿಸುವುದಿಲ್ಲ.

ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ವಿಷಯಕ್ಕೆ ಬಂದರೆ ಕೈ ಮೇಲಾಗಿರುವುದು ಒಹಾಯೊದ್ದು. ಕಳೆದ ವರ್ಷ ಆನ್ ಆರ್ಬರ್‌ನಲ್ಲಿ ಜೂಲಿಯನ್ ಸೇಯಿನ್ ಮೂರು ಟಚ್‌ಡೌನ್ ಎಸೆದ. ಅದರಲ್ಲಿ ಒಂದನ್ನು ಹಿಡಿದವನು ಜೆರೆಮಾಯ ಸ್ಮಿತ್. ಇವನು ಓಡಿ ಚೆಂಡು ಹಿಡಿಯುವುದನ್ನು ಒಂದು ಸಲ ನೋಡಿ, ಆಟ ಅರ್ಥವಾಗದಿದ್ದರೂ ಬಾಯಿ ತೆರೆದು ಕೂರುತ್ತೀರಿ. ಮಿಶಿಗನ್‌ನ ಬ್ರೈಸ್ ಅಂಡರ್‌ವುಡ್ ಕಳೆದ ವರ್ಷ ಇನ್ನೂ ಮೊದಲ ವರ್ಷದ ಹುಡುಗ. ಆನ್ ಆರ್ಬರ್ ಪಕ್ಕದ ಬೆಲ್‌ವಿಲ್‌ನವನು, ದೊಡ್ಡ ಹೆಸರು ಹೊತ್ತುಕೊಂಡು ಬಂದಿದ್ದ. ಆ ದಿನ ಏನೂ ನಡೆಯಲಿಲ್ಲ. ಮಿಶಿಗನ್‌ನ 9 ಅಂಕವೂ ಒದ್ದು ಬಂದದ್ದು, ಟಚ್‌ಡೌನ್ ಒಂದೂ ಇಲ್ಲ. ಒಂದು ವರ್ಷ ಪೆಟ್ಟು ತಿಂದವನು ಎರಡನೇ ವರ್ಷ ಬೇರೆಯೇ ಆಗಿ ಬರುವುದುಂಟು. ಅದರ ಮೇಲೆ ನಿಂತಿದೆ ಮಿಶಿಗನ್‌ನ ಅದೃಷ್ಟ.

ಆದರೆ ಇಷ್ಟೆಲ್ಲ ಹೇಳಿಯೂ ನಾನು ನೋಡುವುದು ಬೇರೆಯದನ್ನೇ. ಈ ಪಂದ್ಯದಲ್ಲಿ ಎಸೆತ ನೋಡಿ ಮರುಳಾಗಬೇಡಿ, ಓಟ ನೋಡಿ. ಚೆಂಡನ್ನು ಎದೆಗವುಚಿಕೊಂಡು ಯಾರು ಜಾಸ್ತಿ ಗಜ ಓಡುತ್ತಾರೋ ಅವರದೇ ಪಂದ್ಯ. ಕಳೆದ ಐದೂ ಪಂದ್ಯದಲ್ಲಿ ಹಾಗೇ ಆಗಿದೆ. 2021ರಲ್ಲಿ ಮಿಶಿಗನ್ ಓಡಿದ್ದು 297 ಗಜ, ಒಹಾಯೊ 64. ಫಲಿತಾಂಶ 42-27. 2022ರಲ್ಲಿ ಮಿಶಿಗನ್‌ನ ಡೊನೊವನ್ ಎಡ್ವರ್ಡ್ಸ್ ಒಬ್ಬನೇ 216 ಗಜ ಓಡಿದ. 2025ರಲ್ಲಿ ಒಹಾಯೊ ಜಾಸ್ತಿ ಓಡಿತು, ಒಹಾಯೊ ಗೆದ್ದಿತು.

ನನಗೆ ಇದು ಮನದಟ್ಟಾದದ್ದು 2024ರಲ್ಲಿ. ಒಹಾಯೊ ದೇಶಕ್ಕೆ ಎರಡನೇ ಸ್ಥಾನ. ಮಿಶಿಗನ್ 6 ಗೆದ್ದು 5 ಸೋತು ಕುಂಟುತ್ತಾ ಬಂದಿತ್ತು. ಒಹಾಯೊ ಸುಮಾರು 20 ಅಂಕದಿಂದ ಗೆಲ್ಲುತ್ತದೆ ಅಂತ ಬಾಜಿ ಕಟ್ಟುವವರ ಲೆಕ್ಕ. ಮಿಶಿಗನ್ ಇಡೀ ದಿನ ಎಸೆದು ಗಳಿಸಿದ್ದು ಬರೀ 62 ಗಜ, ಅದರ ಮೇಲೆ ಎರಡು ಸಲ ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟರು. ಆದರೆ ಓಡಿದ್ದು 172 ಗಜ, ಒಹಾಯೊ 77. ಕೊನೆಗೆ 45 ಸೆಕೆಂಡು ಉಳಿದಿರುವಾಗ ಡೊಮಿನಿಕ್ ಜ್ವಾಡಾ ಹತ್ತಿರದಿಂದ ಒದ್ದ, 13-10. ಒಹಾಯೊಗೆ ಎಸೆಯಲು ಅಷ್ಟು ಒಳ್ಳೆಯ ಹುಡುಗರಿದ್ದರೂ, ಮಿಶಿಗನ್‌ನ ದೈತ್ಯರು ನಿಂತಿದ್ದ ಮಧ್ಯದಲ್ಲೇ ಮತ್ತೆ ಮತ್ತೆ ನುಗ್ಗಲು ಹೋದರು. ಹಟ, ಇನ್ನೇನು? ನಾವೂ ಗಟ್ಟಿಗರು ಅಂತ ತೋರಿಸುವ ಹಟ. ಪಂದ್ಯ ಮುಗಿದ ಮೇಲೆ ಮಿಶಿಗನ್ ಹುಡುಗರು ಮೈದಾನದ ನಡುವೆ ಬಾವುಟ ನೆಡಲು ಹೋಗಿ ಹೊಡೆದಾಟವಾಯಿತು. ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಎರಡೂ ವಿಶ್ವವಿದ್ಯಾಲಯಕ್ಕೆ ತಲಾ 1 ಲಕ್ಷ ಡಾಲರ್ ದಂಡ ಬಿತ್ತು.

ಹಾಗಾಗಿ ಅಕ್ಟೋಬರ್ ಪಂದ್ಯಗಳನ್ನು ನೋಡುವಾಗ ಅಂಕ ಮಾತ್ರ ನೋಡಬೇಡಿ. ಮೂರನೇ ಅವಕಾಶದಲ್ಲಿ ಒಂದೋ ಎರಡೋ ಗಜ ಬೇಕಾದಾಗ ಯಾರು ತಳ್ಳಿಕೊಂಡು ಹೋಗುತ್ತಾರೆ ಅಂತ ನೋಡಿ. ವಿಟಿಂಗ್‌ಹ್ಯಾಮ್ ಆ ಕೆಲಸ ಕಲಿಸುವವರು. ಮಿಶಿಗನ್ ಅದನ್ನು ಮಾಡುತ್ತಿದ್ದರೆ ಒಹಾಯೊ ಮಂದಿ ನಿದ್ದೆ ಕೆಡಿಸಿಕೊಳ್ಳಬೇಕು. ಯಾರಿಗೆ ಗಾಯ, ಯಾರು ಆಡುತ್ತಾರೆ ಅನ್ನುವ ಗಾಳಿಸುದ್ದಿಗೆ ಕಿವಿ ಕೊಡಬೇಡಿ. ಪಂದ್ಯಕ್ಕೆ ಎರಡು ಗಂಟೆ ಮುಂಚೆ ಬಿಗ್ ಟೆನ್‌ನವರೇ ಪಟ್ಟಿ ಹೊರಡಿಸುತ್ತಾರೆ.

ಯಾರಿಗೆ ಯಾವುದು ಸರಿ

ಓದುವ ಊರಿನ ತಂಡವನ್ನೇ ಹಿಡಿಯುವುದು ಸುಲಭ. ಕೊಲಂಬಸ್‌ನಲ್ಲಿದ್ದು ಮಿಶಿಗನ್ ಕಡೆ ಆಗುವುದಕ್ಕೆ ಧೈರ್ಯ ಬೇಕು. ಆ ವಾರ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ 'ಎಂ' ಅಕ್ಷರ ಇರುವ ಕಡೆಯೆಲ್ಲ ಕೆಂಪು ಟೇಪಿನಿಂದ ಅಡ್ಡಗೆರೆ ಹೊಡೆದಿರುತ್ತಾರೆ. ಮಿಶಿಗನ್ ಅಂತ ಹೆಸರು ಹೇಳುವುದಿಲ್ಲ, "ಉತ್ತರದ ಆ ತಂಡ" ಅನ್ನುತ್ತಾರೆ. ನಮ್ಮಲ್ಲಿ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ, ಹಾಗೆ. ಕಾರಣ ಮಾತ್ರ ಉಲ್ಟಾ! ಮಿಶಿಗನ್ ವಿರುದ್ಧ ಗೆದ್ದ ವರ್ಷ ಒಹಾಯೊದ ಪ್ರತಿ ಆಟಗಾರನಿಗೂ ಚಡ್ಡಿಯ ಆಕಾರದ ಪುಟ್ಟ ಚಿನ್ನದ ಪದಕ ಕೊಡುತ್ತಾರೆ, 1934ರಿಂದ ಬಂದ ಪದ್ಧತಿ. ಅಕ್ಕನಿಗೆ ಹೇಳಿದಾಗ "ಎಷ್ಟು ಗ್ರಾಂ?" ಅಂತ ಕೇಳಿದಳು.

ಊರಿನ ಹಂಗಿಲ್ಲದವರು ಸ್ವಭಾವ ನೋಡಿಕೊಂಡು ಆರಿಸಿ. ಮೊದಲ ಓವರಿನಿಂದಲೇ ಸಿಕ್ಸರ್ ಬೇಕು ಅನ್ನುವವರು ಒಹಾಯೊ ಕಡೆ ಬನ್ನಿ. ಟೆಸ್ಟ್ ಪಂದ್ಯದಲ್ಲಿ ಇಡೀ ದಿನ ಬ್ಲಾಕ್ ಮಾಡುವವನನ್ನು ನೋಡಿ ಖುಷಿಪಡುವ ಜಾತಿಯವರು ಮಿಶಿಗನ್ ಕಡೆ. ಹೆಲ್ಮೆಟ್ ಚಂದ ನೋಡಿ ಆರಿಸುವುದಾದರೆ ಮಿಶಿಗನ್‌ನ ರೆಕ್ಕೆ ಬಿಚ್ಚಿದ ಹೆಲ್ಮೆಟ್ಟಿಗೆ ಸಾಟಿ ಇಲ್ಲ. ಬ್ಯಾಂಡ್ ನೋಡಿ ಆರಿಸುವುದಾದರೆ ಒಹಾಯೊ. ಅವರು ವಾದ್ಯ ನುಡಿಸುತ್ತಲೇ ಮೈದಾನದ ಮೇಲೆ ರಾಜ್ಯದ ಹೆಸರನ್ನು ಕೂಡಕ್ಷರದಲ್ಲಿ ಬರೆಯುತ್ತಾರೆ. ಕೊನೆಗೆ 'ಐ' ಮೇಲಿನ ಚುಕ್ಕೆ ಇಡಲು ದೊಡ್ಡ ತುತ್ತೂರಿ ಹೊತ್ತ ಒಬ್ಬರು ಕುಣಿಯುತ್ತಾ ಬರುತ್ತಾರೆ. ಆಗ ಏಳುವ ಕೂಗು ಟಚ್‌ಡೌನಿಗೂ ಏಳುವುದಿಲ್ಲ.

ಮೈದಾನವೋ, ಟಿವಿಯೋ?

ಒಂದು ಸಲ ಮೈದಾನಕ್ಕೆ ಹೋಗಿ. ಒಂದೇ ಸಲ ಸಾಕು. ನವೆಂಬರ್ ಕೊನೆಯಲ್ಲಿ ಹತ್ತು ಡಿಗ್ರಿ ದಾಟಿದರೆ ಪುಣ್ಯ, ಬೆಂಚು ಮಂಜುಗಡ್ಡೆ. ಎರಡು ಸಾಕ್ಸ್, ಕೂರಲು ದಪ್ಪ ರಗ್ಗು ಇರಲಿ. ಟಿಕೆಟ್ ದುಬಾರಿ, ವಿದ್ಯಾರ್ಥಿಗಳು ತಮ್ಮ ಪಾಲಿನದಕ್ಕೆ ಬೇಗ ಪ್ರಯತ್ನಿಸಬೇಕು. ಒಳಗೆ ಸಸ್ಯಾಹಾರಿಗಳಿಗೆ ಪಾಪ್‌ಕಾರ್ನೇ ಗತಿ. ಹೊರಗೆ ಪಾರ್ಕಿಂಗ್‌ನಲ್ಲಿ ಕಾರಿನ ಡಿಕ್ಕಿ ತೆರೆದು ಬೆಳಿಗ್ಗೆಯಿಂದ ಊಟ, ಹರಟೆ ನಡೆಯುತ್ತದೆ. ಅಲ್ಲಿಗೆ ಪುಳಿಯೋಗರೆ ಒಯ್ಯಿರಿ. ತಣ್ಣಗಾದರೂ ರುಚಿ ಕೆಡದ ಊಟ ಅದೊಂದೇ.

ಆಟ ತಿಳಿಯಬೇಕು ಅನ್ನುವವರಿಗೆ ಟಿವಿಯೇ ವಾಸಿ. ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಶುರು. ನಮ್ಮ ದೇಶದಲ್ಲಿ ಆಗ ರಾತ್ರಿ 10.30, ಮುಗಿಯುವ ಹೊತ್ತಿಗೆ ಎರಡು ಗಂಟೆ. ಅಕ್ಕ ಕಳೆದ ಸಲ ಮಗನ ಮುಖ ಎಲ್ಲಾದರೂ ಕಾಣುತ್ತದಾ ಅಂತ ಸುಮ್ನೆ ಎಚ್ಚರವಾಗಿದ್ದಳು. ಪಂದ್ಯ ಆನ್ ಆರ್ಬರ್‌ನಲ್ಲಿ, ಅವನು ಕೊಲಂಬಸ್‌ನಲ್ಲಿ ಟಿವಿ ಮುಂದೆ ಇದ್ದ. ಹೇಳಲು ನಾನು ಮರೆತಿದ್ದೆ.

ಈ ಸಲ ಅಳಿಯ ಮೈದಾನದಲ್ಲಿರುತ್ತಾನೆ. ಮಗಳು ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದಿರುತ್ತಾಳೆ. ನನ್ನ ಅಂದಾಜು ಒಹಾಯೊ ಸ್ಟೇಟ್ 24, ಮಿಶಿಗನ್ 17. ನವೆಂಬರ್ ಹೊತ್ತಿಗೆ ಮಿಶಿಗನ್ ಓಟ ಕಲಿತಿದ್ದರೆ ಇದೇ ಅಂಕ ಉಲ್ಟಾ. ಮಗಳಿಗೆ ಇನ್ನೂ ಹೇಳಿಲ್ಲ.